ನೆರಳು ಹಿಡಿಯುವ ಪೆಟ್ಟಿಗೆ ನಮ್ಮ ಊರಿಗೆ ಬಂದ ಕಥೆ



ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಧರ್ಮಕೇಂದ್ರದ ಸ್ಮರಣ ಸಂಚಿಕೆಗಾಗಿ ಹಳೆಯ ಚಿತ್ರಗಳನ್ನು ಕಲೆಹಾಕುವ ಕೆಲಸ ನನ್ನ ಪಾಲಿಗೆ ಬಂದಿತು. ಗುರುಮನೆಯ ಬೀರುವಿನ ಮೇಲ್ಗಡೆ, ಜಪಸರಗಳ ಡಬ್ಬ ಮತ್ತು ಹಳೆಯ ಲೆಕ್ಕದ ಪುಸ್ತಕಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಹನ್ನೊಂದು ಕಪ್ಪು ಬಿಳುಪು ಚಿತ್ರಗಳು. ಅವುಗಳಲ್ಲೊಂದರಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳು ಮೂರು ಸಾಲಾಗಿ ನಿಂತಿದ್ದರು. ಹುಡುಗಿಯರ ತಲೆಯ ಮೇಲೆ ಬಿಳಿಯ ಮುಸುಕು, ಹುಡುಗರ ಕೈಯಲ್ಲಿ ಮೇಣದ ಬತ್ತಿ, ಎಲ್ಲರ ಕಾಲೂ ಬರಿಗಾಲು. ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ '1961' ಎಂದಷ್ಟೇ ಇತ್ತು. ಇಪ್ಪತ್ತಮೂರು ಮುಖಗಳು, ಒಂದು ಹೆಸರೂ ಇಲ್ಲ. ಆ ಚಿತ್ರವನ್ನು ಕೈಯಲ್ಲಿ ಹಿಡಿದು ಕುಳಿತ ಆ ಸಂಜೆಯಿಂದಲೇ ಈ ಲೇಖನದ ಯೋಚನೆ ಹುಟ್ಟಿತೆನ್ನಬೇಕು.

ಇಂದು ಹುಣಸೂರಿನ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಹತ್ತು ಮಂದಿ ಫೋಟೋ ತೆಗೆಯುವುದನ್ನು ಕಾಣುತ್ತೇವೆ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯಲ್ಲಿ, ಕ್ಯಾಮೆರಾ ಎಂಬುದು ಬಹುಕಾಲ ಹೊರಗಿನಿಂದ ಬಂದು ನಮ್ಮನ್ನು ನೋಡಿ ಹೋಗುತ್ತಿದ್ದ ವಸ್ತುವಾಗಿತ್ತು. ಯಾರ ಕೈಯಲ್ಲಿ ಕ್ಯಾಮೆರಾ ಇತ್ತು, ಯಾರು ಅದರ ಮುಂದೆ ನಿಂತರು ಎಂಬುದನ್ನು ಹಿಂಬಾಲಿಸಿ ಹೋದರೆ ನಮ್ಮ ನೆಲದ ಚರಿತ್ರೆಯ ಒಂದು ಎಳೆ ಕೈಗೆ ಸಿಗುತ್ತದೆ. ಬನ್ನಿ, ಆ ಎಳೆಯನ್ನು ಹಿಡಿದು ಸ್ವಲ್ಪ ದೂರ ನಡೆಯೋಣ.

ಫ್ರಾನ್ಸಿನ ದಾಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಅದಾಗಿ ಹದಿನೈದೇ ವರ್ಷಗಳಲ್ಲಿ, 1854ರ ಹೊತ್ತಿಗೆ, ಲಿನ್ನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡಿನ ಶಿಲ್ಪಗಳ ಚಿತ್ರ ತೆಗೆದಿದ್ದ. ಮೈಸೂರು ಸೀಮೆಯಲ್ಲಿ ಆ ಕಾಲದ ಕ್ಯಾಮೆರಾಗಳು ಮೊದಲು ನೋಡಿದ್ದು ಕಲ್ಲನ್ನು, ಅನಂತರ ಅರಮನೆಯನ್ನು; ಸಾಮಾನ್ಯ ಮನುಷ್ಯನ ಸರದಿ ಬಂದಾಗ ಅವನು ಒಬ್ಬ ವ್ಯಕ್ತಿಯಾಗಿ ಬರಲಿಲ್ಲ, ಒಂದು ಮಾದರಿಯಾಗಿ ಬಂದ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಸರ್ಕಾರಿ ಗ್ರಂಥವಾಗಲಿ, 1909ರಲ್ಲಿ ಎಡ್ಗರ್ ಥರ್ಸ್ಟನ್ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಾಗಲಿ ತೆರೆದು ನೋಡಿ. ಚಿತ್ರದ ಕೆಳಗೆ ಹೆಚ್ಚಾಗಿ ಸಿಗುವುದು ಜಾತಿಯ ಹೆಸರು. ಆ ಮನುಷ್ಯನಿಗೆ ತಾಯಿ ಇಟ್ಟ ಹೆಸರು ಇಲ್ಲ. ನಿಂತ ಮನುಷ್ಯ ಕ್ಯಾಮೆರಾ ಕಣ್ಣನ್ನು ದಿಟ್ಟಿಸಿ ನೋಡುತ್ತಿರುತ್ತಾನೆ. ಅವನಿಗೆ ಆ ಚಿತ್ರದ ಒಂದು ಪ್ರತಿಯನ್ನಾದರೂ ಯಾರಾದರೂ ಕೊಟ್ಟಿರಬಹುದೇ ಎಂಬ ಪ್ರಶ್ನೆ ನನ್ನನ್ನು ಯಾವಾಗಲೂ ಕಾಡುತ್ತದೆ.

ಮಿಷನರಿಗಳ ಮಾತನ್ನೂ ಇಲ್ಲಿ ಹೇಳಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನಮ್ಮ ನೆರೆಯ ಕೊಡಗು, ದಕ್ಷಿಣ ಕನ್ನಡ, ಧಾರವಾಡಗಳಲ್ಲಿ ತೆಗೆದ ಚಿತ್ರಗಳು ಸ್ವಿಟ್ಜರ್ಲೆಂಡಿನ ಅವರ ದಫ್ತರಿನಲ್ಲಿ ಇಂದಿಗೂ ಭದ್ರವಾಗಿವೆ. ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು. ಶಾಲೆ, ಹೆಂಚಿನ ಕಾರ್ಖಾನೆ, ನೇಯ್ಗೆ, ಮದುವೆ ಎಲ್ಲವೂ ಅಲ್ಲಿವೆ. ಎಷ್ಟೋ ಕುಟುಂಬಗಳು ತಮ್ಮ ಮುತ್ತಜ್ಜನ ಕಾಲದ ಊರನ್ನು ಇಂದು ಅಲ್ಲಿ ಹುಡುಕುತ್ತಿವೆ. ನಮ್ಮವರ ಮುಖ ನಮ್ಮ ಮನೆಯಲ್ಲಿಲ್ಲದೆ ಏಳು ಸಮುದ್ರದಾಚೆ ಉಳಿದದ್ದು ವಿಚಿತ್ರವೇ ಸರಿ. ಆದರೂ ಉಳಿಯಿತಲ್ಲ ಎಂಬ ಸಮಾಧಾನವೂ ಇದೆ.

ಹೆಗ್ಗಡದೇವನಕೋಟೆಗೆ ಕ್ಯಾಮೆರಾ ದೊಡ್ಡ ಮಟ್ಟದಲ್ಲಿ ಬಂದದ್ದು ಆನೆಯ ಬೆನ್ನು ಹತ್ತಿ. ಕಾಕನಕೋಟೆಯ ಖೆಡ್ಡಾ ಎಂದರೆ ಆಗ ಜಗತ್ಪ್ರಸಿದ್ಧ. ಕಾಡಾನೆಗಳ ಹಿಂಡನ್ನು ಕಬಿನಿ ಹೊಳೆಗೆ ಅಟ್ಟಿ ಹಿಡಿಯುವ ಆ ಸಾಹಸವನ್ನು ನೋಡಲು ವೈಸ್‌ರಾಯಿಗಳು, ರಾಜಕುಮಾರರು ಬರುತ್ತಿದ್ದರು. ಅವರ ಜೊತೆಗೆ ಛಾಯಾಗ್ರಾಹಕರೂ ಬರುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಅಟ್ಟಣೆಯ ಮೇಲೆ ಕುಳಿತ ಅತಿಥಿಗಳು ಕಾಣುತ್ತಾರೆ, ಹಗ್ಗ ಬಿಗಿದ ಆನೆಗಳು ಕಾಣುತ್ತವೆ. ಕಾಡಿನ ಒಳಹೊಕ್ಕು ಆನೆಗಳನ್ನು ಅಟ್ಟಿಕೊಂಡು ಬಂದ ಕುರುಬರು ಅಂಚಿನಲ್ಲೆಲ್ಲೋ ಮಸುಕಾಗಿ ನಿಂತಿರುತ್ತಾರೆ.

ಆದರೆ ಅಂಚಿನಲ್ಲಿದ್ದ ಒಬ್ಬ ಹುಡುಗ ಮಾತ್ರ ಚಿತ್ರದ ನಟ್ಟನಡುವೆ ಬಂದುಬಿಟ್ಟ. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಸಾಬು ಮಹಾರಾಜರ ಆನೆಲಾಯದ ಮಾವುತನ ಮಗ. ತಂದೆಯನ್ನು ಕಳೆದುಕೊಂಡ ಬಾಲಕ. 1930ರ ದಶಕದ ನಡುವೆ ರಾಬರ್ಟ್ ಫ್ಲಾಹರ್ಟಿ ಎಂಬ ಹೆಸರಾಂತ ನಿರ್ದೇಶಕರು 'ಎಲಿಫೆಂಟ್ ಬಾಯ್' ಚಲನಚಿತ್ರಕ್ಕಾಗಿ ಮೈಸೂರಿಗೆ ಬಂದಾಗ ಈ ಹುಡುಗ ಅವರ ತಂಡದ ಕಣ್ಣಿಗೆ ಬಿದ್ದ. ಚಿತ್ರ 1937ರಲ್ಲಿ ತೆರೆಗೆ ಬಂದು ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಸಾಬು ಇಂಗ್ಲೆಂಡಿಗೆ ಹೋದ, ಅಲ್ಲಿಂದ ಅಮೆರಿಕಕ್ಕೆ ಹೋದ, 'ದಿ ಥೀಫ್ ಆಫ್ ಬಾಗ್ದಾದ್', 'ಜಂಗಲ್ ಬುಕ್' ಚಿತ್ರಗಳ ನಾಯಕನಾದ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ, 1963ರಲ್ಲಿ ಮೂವತ್ತೊಂಬತ್ತರ ಹರೆಯದಲ್ಲೇ ತೀರಿಕೊಂಡ. ಅವನ ನಗುಮುಖವನ್ನು ಲಂಡನ್ ಕಂಡಿತು, ನ್ಯೂಯಾರ್ಕ್ ಕಂಡಿತು. ಅದೇ ಹೊತ್ತಿನಲ್ಲಿ ಕಾರಾಪುರದ ಎಷ್ಟು ಮನೆಗಳ ಗೋಡೆಯ ಮೇಲೆ ಒಂದಾದರೂ ಫೋಟೋ ಇದ್ದಿತು ಹೇಳಿ?

ನಮ್ಮ ಮನೆಗಳಿಗೆ ಫೋಟೋ ಬಂದದ್ದು ಸ್ಟುಡಿಯೋಗಳ ಮೂಲಕ, ಅದೂ ಬಹಳ ತಡವಾಗಿ. ತಾಲ್ಲೂಕು ಕೇಂದ್ರದ ಪೇಟೆಬೀದಿಯಲ್ಲಿ ಒಂದು ಕೋಣೆ. ಗೋಡೆಗೆ ಬಣ್ಣದಲ್ಲಿ ಬರೆದ ಒಂದು ಸರೋವರ ಮತ್ತು ಮೆಟ್ಟಿಲು. ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬ, ಯಾರು ಬೇಕಾದರೂ ಹಾಕಿಕೊಳ್ಳಬಹುದಾಗಿದ್ದ ಒಂದು ಕೋಟು. ಗಂಡು ಹೆಣ್ಣು ಮದುವೆಯಾದ ವಾರದೊಳಗೆ ಎತ್ತಿನ ಗಾಡಿಯಲ್ಲೋ ಬಸ್ಸಿನಲ್ಲೋ ಹೋಗಿ ಆ ಸರೋವರದ ಮುಂದೆ ಕುಳಿತು ಬರುತ್ತಿದ್ದರು. ಗಮನಿಸಿ, ಆ ಚಿತ್ರದಲ್ಲಿ ಅವರ ಊರಿಲ್ಲ, ಮನೆಯಿಲ್ಲ, ಹೊಲವಿಲ್ಲ. ಹಿನ್ನೆಲೆಯಲ್ಲಿರುವುದು ಯಾರೂ ಕಾಣದ ಯಾವುದೋ ಊರಿನ ಸರೋವರ. ನಮ್ಮ ಹಿರಿಯರಿಗೆ ತಮ್ಮ ಊರಿನ ಚಿತ್ರ ಬೇಕೆಂದು ತೋಚಲೇ ಇಲ್ಲ. ಊರು ಕಣ್ಣೆದುರಿಗೇ ಇತ್ತಲ್ಲ! ಅದು ಎಲ್ಲಿಗೆ ಹೋದೀತು?

ಮದುವೆಯನ್ನು ಬಿಟ್ಟರೆ ಛಾಯಾಗ್ರಾಹಕನಿಗೆ ಕರೆ ಹೋಗುತ್ತಿದ್ದುದು ಸಾವಿನಲ್ಲಿ. ನಮ್ಮ ಕ್ರೈಸ್ತ ಕುಟುಂಬಗಳ ಹಳೆಯ ಆಲ್ಬಮ್ಮುಗಳನ್ನು ತೆರೆದರೆ ಈ ಚಿತ್ರ ತಪ್ಪದೆ ಸಿಗುತ್ತದೆ: ನಡುವೆ ಶವಪೆಟ್ಟಿಗೆ, ಸುತ್ತಲೂ ಮಕ್ಕಳು ಮೊಮ್ಮಕ್ಕಳು, ತಲೆಯ ಬಳಿ ಶಿಲುಬೆ. ಎಳೆಯರಿಗೆ ಇಂದು ಅದು ವಿಚಿತ್ರವೆನಿಸಬಹುದು. ನನ್ನ ಅಜ್ಜಿ ತೀರಿಕೊಂಡಾಗ ನಾನು ಎಂಟು ವರ್ಷದವನು. ಹುಣಸೂರಿನಿಂದ ಸೈಕಲ್ಲಿನಲ್ಲಿ ಬಂದ ಛಾಯಾಗ್ರಾಹಕರು 'ಯಾರೂ ಅಲ್ಲಾಡಬೇಡಿ' ಎಂದರು; ಅಳುತ್ತಿದ್ದವರೆಲ್ಲ ಒಂದು ಕ್ಷಣ ಅಳು ನುಂಗಿ ನಿಂತರು; ಮರುಕ್ಷಣ ಮತ್ತೆ ಗೋಳೋ ಎಂದರು. ಹದಿನೈದು ದಿನಗಳ ಮೇಲೆ ಪ್ರತಿ ಬಂದಿತು. ಅಜ್ಜಿಯ ಜೀವಮಾನದ ಚಿತ್ರ ಅದೊಂದೇ. ಬದುಕಿದ್ದಾಗ ಆಕೆಯ ಚಿತ್ರ ತೆಗೆಸಲು ಯಾರಿಗೂ ಕೈಯಲ್ಲಿ ಕಾಸಿರಲಿಲ್ಲ. ಸತ್ತ ಮೇಲೆ ಸಾಲ ಮಾಡಿದರು. ರೀಲಿನಲ್ಲಿ ಹನ್ನೆರಡೇ ಚಿತ್ರ ಬರುತ್ತಿದ್ದ ಕಾಲವದು. ಕಳೆದು ಹೋಗುವವರನ್ನು ಹಿಡಿದಿಡುವುದಕ್ಕೇ ಅದನ್ನು ಮೀಸಲಿಟ್ಟಿದ್ದರು.

ಮನುಷ್ಯರು ಕಳೆದುಹೋಗುತ್ತಾರೆಂಬುದು ಗೊತ್ತಿತ್ತು. ಊರುಗಳೂ ಹೋಗಬಹುದೆಂಬುದು ನಮ್ಮ ಭಾಗದವರಿಗೆ ಅನುಭವದಿಂದ ತಿಳಿಯಿತು. ಇಂದಿನ ಕೃಷ್ಣರಾಜನಗರವೇ ಹಾಗೆ ಹುಟ್ಟಿದ ಪಟ್ಟಣ. ಕಾವೇರಿಯ ದಡದಲ್ಲಿದ್ದ ಹಳೆಯ ಎಡತೊರೆ 1920ರ ದಶಕದ ಪ್ರವಾಹದಲ್ಲಿ ನಲುಗಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಸ್ವಲ್ಪ ದೂರದಲ್ಲಿ ಹೊಸ ಊರು ಕಟ್ಟಲಾಯಿತು. ಹೆಗ್ಗಡದೇವನಕೋಟೆಯ ಪಾಲಿಗೆ ಆ ದಿನ ಬಂದದ್ದು ಕಬಿನಿ ಅಣೆಕಟ್ಟಿನೊಂದಿಗೆ. 1974ರಲ್ಲಿ ಮುಗಿದ, 19.52 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯ ಹಳ್ಳಿಗಳನ್ನೂ ಗದ್ದೆಗಳನ್ನೂ ಕಾಡನ್ನೂ ಆವರಿಸಿತು. ಖೆಡ್ಡಾ ನಡೆಯುತ್ತಿದ್ದ ನೆಲವನ್ನೂ ಬಿಡಲಿಲ್ಲ. ಕೊನೆಯ ಖೆಡ್ಡಾ 1971ರಲ್ಲಿ ನಡೆದಾಗ ಕ್ಯಾಮೆರಾಗಳು ಸಾಲುಗಟ್ಟಿ ಬಂದಿದ್ದವು. ಅದೇ ನೀರಿಗೆ ಸೇರಲಿದ್ದ ಹಳ್ಳಿಗಳ ಬಾವಿಕಟ್ಟೆ, ಅರಳಿಮರ, ಕಣ, ಗುಡಿ, ಪ್ರಾರ್ಥನಾಲಯಗಳನ್ನು ಚಿತ್ರ ತೆಗೆದಿಡಲು ಯಾರು ಬಂದರು? ಆನೆಯ ಕೊನೆಯ ದಿನಕ್ಕೆ ಸಿಕ್ಕ ಗೌರವ ಊರಿನ ಕೊನೆಯ ದಿನಕ್ಕೆ ಸಿಗಲಿಲ್ಲವೆಂದು ಮುಳುಗಡೆಯಾದವರು ಹೇಳುವುದನ್ನು ನಾನು ಕೇಳಿದ್ದೇನೆ. ಆ ಮಾತಿನಲ್ಲಿ ಕಹಿಗಿಂತ ಬೆರಗು ಹೆಚ್ಚಿತ್ತು.

ಇನ್ನು ಫೋನಿನ ಕಾಲಕ್ಕೆ ಬರೋಣ. 1997ರ ಜೂನ್ 11ರಂದು ಫಿಲಿಪ್ ಕಾನ್ ಎಂಬ ತಂತ್ರಜ್ಞರು ಕ್ಯಾಲಿಫೋರ್ನಿಯದ ಹೆರಿಗೆ ಆಸ್ಪತ್ರೆಯಲ್ಲಿ ಕುಳಿತು, ಆಗತಾನೆ ಹುಟ್ಟಿದ ತಮ್ಮ ಮಗಳ ಚಿತ್ರವನ್ನು ಕ್ಯಾಮೆರಾಕ್ಕೆ ಫೋನು ಜೋಡಿಸಿ ಬಂಧುಮಿತ್ರರಿಗೆ ಕಳುಹಿಸಿದರು. ಫೋನಿನಿಂದ ಹೊರಟ ಮೊದಲ ಚಿತ್ರಗಳಲ್ಲಿ ಅದೊಂದು. ಮಗು ಹುಟ್ಟಿದ ಸುದ್ದಿಯನ್ನು ನೆಂಟರಿಗೆ ಮುಟ್ಟಿಸುವ ಆತುರ ಎಲ್ಲ ದೇಶಗಳಲ್ಲೂ ಒಂದೇ ಅಲ್ಲವೇ? 2000ದಲ್ಲಿ ಜಪಾನಿನಲ್ಲಿ ಕ್ಯಾಮೆರಾ ಇರುವ ಫೋನು ಮಾರಾಟಕ್ಕೆ ಬಂದಿತು. ನಮ್ಮ ಹಳ್ಳಿಗಳಿಗೆ ಅದರ ನಿಜವಾದ ಬಿರುಗಾಳಿ ಬೀಸಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ. ಅದಾದ ಕೆಲವೇ ವರ್ಷಗಳಲ್ಲಿ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕುಳಿತ ರೈತ ರೋಗ ಬಿದ್ದ ಎಲೆಯ ಚಿತ್ರ ತೆಗೆದು ಔಷಧಿ ಅಂಗಡಿಯವನಿಗೆ ಕಳುಹಿಸತೊಡಗಿದ.

ಎಲ್ಲರ ಕೈಗೂ ಕ್ಯಾಮೆರಾ ಬಂದದ್ದರಿಂದ ಜಾಗದ ಕುರಿತ ನಮ್ಮ ಭಾವನೆ ಏನಾಯಿತು? ಇಲ್ಲಿ ಎರಡು ಮುಖಗಳಿವೆ.

ಮೊದಲಿಗೆ ಹೆಸರಿನ ವಿಷಯ. ಇಂದು ಫೋಟೋ ಹಾಕುವವರು ಜೊತೆಗೆ ಜಾಗದ ಹೆಸರನ್ನೂ ಹಾಕುತ್ತಾರೆ. ಬೈಲುಕುಪ್ಪೆಯ ಸ್ವರ್ಣ ದೇವಾಲಯದ ಮುಂದೆ ನಿಂತ ಪ್ರವಾಸಿಗರಲ್ಲಿ ಬಹುಮಂದಿ 'ಕೂರ್ಗ್' ಎಂದು ಬರೆಯುತ್ತಾರೆ. ಅವರು ನಿಂತಿರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ! ಹೆಗ್ಗಡದೇವನಕೋಟೆಯ ಕಡೆ ಬಂದರೆ ಕಾರಾಪುರವೂ ಅಂತರಸಂತೆಯೂ ಡಿ.ಬಿ. ಕುಪ್ಪೆಯೂ ಒಟ್ಟಾಗಿ 'ಕಬಿನಿ' ಎಂಬ ಒಂದೇ ಹೆಸರಿನಡಿ ಮರೆಯಾಗಿವೆ. 2020ರಲ್ಲಿ ಈ ಕಾಡಿನ ಕರಿಚಿರತೆಯ ಚಿತ್ರಗಳು ಜಗತ್ತನ್ನೇ ಸುತ್ತಿದವು. ಛಾಯಾಗ್ರಾಹಕ ಶಾಜ್ ಜಂಗ್ ಅವರ ಸಾಕ್ಷ್ಯಚಿತ್ರ ಬಂದಿತು, ಮಿಥುನ್ ಎಚ್. ಅವರು ತೆಗೆದ, ಚಿರತೆಯ ಹಿಂದೆ ಅದರ ನೆರಳಿನಂತೆ ನಿಂತ ಕರಿಚಿರತೆಯ ಚಿತ್ರ ಮನೆಮನೆಯ ಫೋನಿಗೆ ತಲುಪಿತು. ಆ ಚಿತ್ರಗಳು ಸುಂದರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳಲ್ಲಿ ಕಾಡು ಮನುಷ್ಯರೇ ಇಲ್ಲದ ಕಾಡು. ಅಲ್ಲಿಯೇ ತಲೆಮಾರುಗಳಿಂದ ಬಾಳಿ, ಅನಂತರ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಹಾಡಿಗಳಿಗೆ ಸ್ಥಳಾಂತರಗೊಂಡ ಜೇನುಕುರುಬ ಕುಟುಂಬಗಳಿಗೆ ಆ ಮರಗಳು, ಹಳ್ಳಗಳು, ಪೂರ್ವಿಕರ ಗೋರಿಗಳು ಹೆಸರಿನ ಸಹಿತ ಗೊತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಬಾವಿ, ಸ್ಮಶಾನ, ಪೂಜಾಸ್ಥಳಗಳನ್ನೂ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಫೋಟೋ ಇಲ್ಲದವರ ನೆನಪಿಗೂ ಕಾನೂನಿನ ಮುಂದೆ ಒಂದು ಬೆಲೆ ಇರುವುದು ಸಮಾಧಾನದ ಸಂಗತಿ.

ಎರಡನೆಯದು ನೋಡುವ ರೀತಿ. ವೀರನಹೊಸಹಳ್ಳಿಯಿಂದ ದಸರಾ ಗಜಪಯಣ ಹೊರಡುವ ದಿನ ಹಿಂದೆ ಜನ ಆನೆಗೆ ಕಬ್ಬು ಬೆಲ್ಲ ಹಿಡಿದು ನಿಲ್ಲುತ್ತಿದ್ದರು. ಈಗ ಫೋನು ಹಿಡಿದು, ಆನೆಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಬೆನ್ನು ತಿರುಗಿಸಿ ನೋಡುವ ಈ ವಿದ್ಯೆ ಯಾವ ಕಾಲದಲ್ಲೂ ಇರಲಿಲ್ಲ! ಚುಂಚನಕಟ್ಟೆಯ ಜಲಪಾತದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಎಳೆಯರು ಬೆನ್ನು ಮಾಡಿ ನಿಲ್ಲುವುದನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ಪಾಚಿ ಕಟ್ಟಿದ ಬಂಡೆಗೆ ಫೋಟೋ ಎಂದರೇನೆಂದು ತಿಳಿಯದು. 2025ರ ಆಗಸ್ಟ್‌ನಲ್ಲಿ ನೆರೆಯ ಬಂಡೀಪುರದ ರಸ್ತೆಯಲ್ಲಿ ಕಾಡಾನೆಯ ಚಿತ್ರ ತೆಗೆಯಲು ಹೋದವರೊಬ್ಬರು ಅದರ ಕಾಲಡಿಗೆ ಬಿದ್ದೂ ಜೀವ ಉಳಿಸಿಕೊಂಡರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಹಾಗೆಂದು ಫೋನಿನ ಚಿತ್ರಗಳೆಲ್ಲ ಪೊಳ್ಳೆನ್ನಲಾರೆ. 2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತ ನಮ್ಮ ಬಳ್ಳೆ ಶಿಬಿರದ ಅರ್ಜುನ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತಾಗ, ಜನರು ತಂತಮ್ಮ ಫೋನಿನಿಂದ ಅವನ ಚಿತ್ರಗಳನ್ನು ಹೊರತೆಗೆದು ಹಂಚಿಕೊಂಡು ಮನೆಯವರನ್ನು ಕಳೆದುಕೊಂಡಂತೆ ಅತ್ತರು.

ದೇವಾಲಯದೊಳಗಿನ ಮಾತು ಬೇರೆ. ದೋರನಹಳ್ಳಿಯನ್ನು ನೀವೆಲ್ಲ ಬಲ್ಲಿರಿ. ಹೊಲ ಉಳುವ ರೈತನಿಗೆ ಸಿಕ್ಕಿತೆಂದು ಪರಂಪರೆ ಹೇಳುವ ಸಂತ ಅಂತೋಣಿಯವರ ಸ್ವರೂಪದಿಂದ ಆರಂಭವಾದ ಆ ಪುಣ್ಯಕ್ಷೇತ್ರ 2019ರಲ್ಲಿ ಕಿರು ಬೆಸಿಲಿಕವಾಯಿತು. ಜೂನ್ 13ರ ಹಬ್ಬಕ್ಕೆ ಎಲ್ಲ ಮತಗಳ ಜನ ಬರುತ್ತಾರೆ. ನನ್ನ ಬಾಲ್ಯದಲ್ಲಿ ಅಲ್ಲಿಂದ ಮನೆಗೆ ತರುತ್ತಿದ್ದುದು ಅಂತೋಣಿಯವರ ಒಂದು ಸಣ್ಣ ಅಚ್ಚಿನ ಚಿತ್ರ. ಅಮ್ಮ ಅದನ್ನು ಅಕ್ಕಿಯ ಮಡಕೆಯ ಮೇಲಿನ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದರು. ಇಂದು ಪ್ರತಿಯೊಬ್ಬರೂ ತಾವೇ ತೆಗೆದ ಚಿತ್ರವನ್ನು ಒಯ್ಯುತ್ತಾರೆ. ಅದರಲ್ಲಿ ಸಂತರು ಹಿಂದೆ, ನಾವು ಮುಂದೆ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2017ರ ನವೆಂಬರ್ 8ರ ಬುಧವಾರದ ಸಾರ್ವಜನಿಕ ದರ್ಶನದಲ್ಲಿ ಇದನ್ನೇ ನಗುತ್ತ ಆದರೆ ನೋವಿನಿಂದ ಪ್ರಸ್ತಾಪಿಸಿದರು: ಗುರುಗಳು ಬಲಿಪೂಜೆಯಲ್ಲಿ ಹೃದಯಗಳನ್ನು ಮೇಲೆತ್ತಲು ಹೇಳುತ್ತಾರೆಯೇ ಹೊರತು ಫೋನುಗಳನ್ನಲ್ಲ ಎಂದು. ವಿಶ್ವಾಸಿಗಳು ಮಾತ್ರವಲ್ಲ, ಗುರುಗಳೂ ಧರ್ಮಾಧ್ಯಕ್ಷರೂ ಫೋನು ಎತ್ತುತ್ತಾರೆಂದು ಅವರು ಸೇರಿಸಿದ್ದನ್ನು ನಾವು ಜಾಣತನದಿಂದ ಮರೆಯುತ್ತೇವೆ.

ಆದರೂ ಅದೇ ಫೋನು 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇವಾಲಯದ ಬಾಗಿಲುಗಳು ಮುಚ್ಚಿದಾಗ ಏನು ಮಾಡಿತೆಂಬುದನ್ನು ನೆನೆಯಿರಿ. ಬಲಿಪೂಜೆ ಅಂಗೈಯಗಲದ ಪರದೆಯ ಮೇಲೆ ಬಂದಿತು. ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನರಿಗಷ್ಟೇ ಅವಕಾಶವಿದ್ದ ಆ ದಿನಗಳಲ್ಲಿ ಕುವೈತಿನಲ್ಲಿದ್ದ ಮಗ ತಂದೆಯ ಮಣ್ಣಿಗೆ ಕೈ ಹಾಕಲಾರದೆ, ಯಾರೋ ನೆರೆಯವರು ಹಿಡಿದ ಫೋನಿನ ಮೂಲಕ ಹಿಡಿಮಣ್ಣು ಬೀಳುವುದನ್ನು ನೋಡಿದ. ಶವಪೆಟ್ಟಿಗೆಯ ಸುತ್ತ ನಿಂತು ತೆಗೆಸುತ್ತಿದ್ದ ಆ ಹಳೆಯ ಫೋಟೋದ ಅರ್ಥ ನನಗೆ ಆಗಲೇ ಪೂರ್ತಿಯಾಗಿ ತಿಳಿದದ್ದು. ಬಾರದವರಿಗೆ 'ನಾವೆಲ್ಲ ಇದ್ದೆವು, ಒಂಟಿಯಾಗಿ ಕಳುಹಿಸಲಿಲ್ಲ' ಎಂದು ಹೇಳುವ ಪತ್ರ ಅದಾಗಿತ್ತು.

ಬೈಲುಕುಪ್ಪೆಯ ನೆರೆಹೊರೆಯವರ ಅನುಭವ ಇನ್ನೂ ಕಠಿಣ. 1961ರಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡುನೆಲದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿ, ಕಾಡು ಕಡಿದು ಜೋಳ ಬೆಳೆದರು. ತಾವು ಬಿಟ್ಟು ಬಂದ ಊರು, ಅಲ್ಲಿಯೇ ಉಳಿದ ಒಡಹುಟ್ಟಿದವರು ಎಲ್ಲವೂ ದಶಕಗಳ ಕಾಲ ಅವರ ಪಾಲಿಗೆ ಮಾತಿನಲ್ಲಷ್ಟೇ ಇದ್ದವು. ಸ್ಮಾರ್ಟ್‌ಫೋನು ಬಂದ ಮೇಲೆ ವಿಚಾಟ್ ಎಂಬ ಚೀನೀ ಆ್ಯಪಿನ ಮೂಲಕ ಅಲ್ಲಿನ ಬೆಟ್ಟ, ಮನೆ, ತಂಗಿಯ ಮೊಮ್ಮಕ್ಕಳ ಮುಖಗಳು ಬರತೊಡಗಿದವು. ಅದು ಕಾವಲಿನ ಕಣ್ಣಿರುವ ದಾರಿಯೆಂದು ಅವರಿಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ. 2020ರ ಜೂನ್ 29ರಂದು ಗಡಿಯ ಘರ್ಷಣೆಯ ಬೆನ್ನಲ್ಲೇ ಭಾರತ ಸರ್ಕಾರ 59 ಚೀನೀ ಆ್ಯಪುಗಳನ್ನು ನಿಷೇಧಿಸಿದಾಗ ನಮ್ಮ ಹುಡುಗರು ಟಿಕ್‌ಟಾಕ್ ಹೋಯಿತೆಂದು ಗೊಣಗಿದರು. ಪಕ್ಕದ ಕ್ಯಾಂಪಿನಲ್ಲಿ ಎಷ್ಟೋ ಮಂದಿಗೆ ಒಡಹುಟ್ಟಿದವರ ಮುಖ ಮತ್ತೆ ಮರೆಯಾಯಿತು. ನಿಷೇಧಕ್ಕೆ ದೇಶದ ಕಾರಣಗಳಿದ್ದವು, ಒಪ್ಪೋಣ. ಅದರ ಭಾರ ಯಾರ ಮೇಲೆ ಬಿದ್ದಿತೆಂಬುದೂ ತಿಳಿದಿರಲಿ.

ಸರ್ಕಾರಕ್ಕೂ ಈಗ ಚಿತ್ರವಿಲ್ಲದೆ ನಡೆಯದು. ಮನೆ ಮಂಜೂರಾದರೆ ತಳಪಾಯಕ್ಕೊಂದು, ಛಾವಣಿಗೊಂದು 'ಜಿ.ಪಿ.ಎಸ್. ಮಾಡಿಸಬೇಕು', ಇಲ್ಲವಾದರೆ ಕಂತು ಬಾರದು. 2020ರ ಮುಂಗಾರಿನಿಂದ ರೈತರೇ ತಮ್ಮ ಸರ್ವೆ ನಂಬರಿನಲ್ಲಿ ನಿಂತು ಬೆಳೆಯ ಚಿತ್ರ ಕಳುಹಿಸುವ ವ್ಯವಸ್ಥೆ ರಾಜ್ಯದಲ್ಲಿ ಬಂದಿತು. ಉದ್ಯೋಗ ಖಾತರಿಯ ಕೂಲಿಗಳಿಗೆ 2023ರ ಜನವರಿ 1ರಿಂದ ದಿನಕ್ಕೆ ಎರಡು ಬಾರಿ ಚಿತ್ರ ತೆಗೆಯುವ ಹಾಜರಿ ಕಡ್ಡಾಯವಾಯಿತು. ಸುಳ್ಳು ಹಾಜರಿ ತಡೆಯುವುದು ಉದ್ದೇಶ. ಆದರೆ ಕಾಡಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದ ದಿನ ಕೆರೆಯ ಹೂಳು ಹೊತ್ತ ಹೆಂಗಸಿನ ಬೆವರಿಗೆ ಸಾಕ್ಷಿ ಇಲ್ಲದಂತಾಯಿತು. ಥರ್ಸ್ಟನ್ನನ ಕಾಲದಲ್ಲಿ ಮುಖವಿತ್ತು, ಹೆಸರಿರಲಿಲ್ಲ; ಇಲ್ಲಿ ಹೆಸರಿತ್ತು, ಮುಖ ಅಪ್‌ಲೋಡ್ ಆಗಲಿಲ್ಲ.

ಒಂದು ಮಾತು ಹೇಳಿ ಮತ್ತೆ ಆ ರಟ್ಟಿನ ಪೆಟ್ಟಿಗೆಗೆ ಹೋಗುತ್ತೇನೆ. ಬೆಳ್ಳಿಯ ಲವಣದಲ್ಲಿ ಮೂಡಿದ ಆ ಹಳೆಯ ಪ್ರತಿಗಳು ಅರವತ್ತು ವರ್ಷ ಗುರುಮನೆಯ ಗೆದ್ದಲು ತೇವಗಳನ್ನು ತಡೆದು ಉಳಿದವು. ನನ್ನದೇ ಫೋನು ಒಮ್ಮೆ ಬಾವಿಗೆ ಬಿದ್ದಾಗ ನಾಲ್ಕು ವರ್ಷಗಳ ಚಿತ್ರಗಳು ಒಂದೇ ಮುಳುಗಿಗೆ ಹೋದವು. ನನ್ನ ತಾಯಿಯ ಕೊನೆಯ ಕ್ರಿಸ್ಮಸ್ಸೂ ಅದರಲ್ಲಿತ್ತು. ಬೇಕಾದ ಐದು ಚಿತ್ರಗಳನ್ನಾದರೂ ಕಾಗದಕ್ಕಿಳಿಸಿ, ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದಿಡಿ. ಪೆನ್ನಿನ ಶಾಯಿ ಎದುರು ಬದಿಗೆ ಇಳಿಯುತ್ತದೆ; ಪೆನ್ಸಿಲೇ ಆಗಬೇಕು.

1961ರ ಆ ಚಿತ್ರವನ್ನು ನಾನು ಫೋನಿನಲ್ಲೇ ಮರುಚಿತ್ರಿಸಿ ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ಹಾಕಿದೆ. ರಾತ್ರಿ ಎಂಟರ ಜಪಸರದ ಹೊತ್ತಿಗೆ ಮೊದಲ ಹೆಸರು ಬಂದಿತು. 'ಎರಡನೇ ಸಾಲಿನಲ್ಲಿ ಕಿವಿ ದೊಡ್ಡದಿರೋರು ನಮ್ಮ ದೊಡ್ಡಪ್ಪ' ಎಂದು ಬೆಂಗಳೂರಿನಿಂದ ಒಬ್ಬರು. ದುಬೈಯಿಂದ ಮತ್ತೊಬ್ಬರು. ಮಾರನೆಯ ಮಧ್ಯಾಹ್ನದ ವೇಳೆಗೆ ಇಪ್ಪತ್ತೆರಡು ಮುಖಗಳಿಗೆ ಹೆಸರು ಸಿಕ್ಕಿತ್ತು. ಕೊನೆಯ ಸಾಲಿನ ತುದಿಯಲ್ಲಿ, ಮುಸುಕು ಒಂದು ಕಡೆಗೆ ಜಾರಿದ, ನಗಬೇಕೋ ಬೇಡವೋ ಎಂಬಂತಿದ್ದ ಹುಡುಗಿಯೊಬ್ಬಳು ಉಳಿದಳು. ಯಾರೋ ಹೇಳಿದರು, ಇವರು ಮುಳುಗಡೆ ಹಳ್ಳಿಯವರಿರಬೇಕು, ಆ ಊರಿನ ಒಬ್ಬ ಅಜ್ಜಿ ಸರಗೂರಿನ ಹತ್ತಿರ ಮಗನ ಮನೆಯಲ್ಲಿದ್ದಾರೆ, ಬಹುಶಃ ಅವರೇ ಇದು.

ನಾನು ಹೋದಾಗ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗ ಫೋನಿನಲ್ಲಿ ಚಿತ್ರ ತೆರೆದು ಅವರ ಕೈಗಿತ್ತ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುವುದು ಹೇಗೆಂದು ಅವನೇ ತೋರಿಸಿಕೊಟ್ಟ. ಅಜ್ಜಿ ಒಂದೊಂದೇ ಮುಖವನ್ನು ದಾಟುತ್ತ ಬಂದು ತುದಿಯಲ್ಲಿ ನಿಂತರು.

'ಇದು ನೀವೇ ಅಲ್ವಾ ಅವ್ವಾ?' ಎಂದೆ.

'ನಾನಲ್ಲ ಕಣಪ್ಪಾ. ನಮ್ಮಕ್ಕ ಇದು' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಕ್ಕ ಆ ವರ್ಷವೇ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳೆಂದೂ, ಅವಳನ್ನು ಹೂಳಿದ ಜಾಗ ಈಗ ಕಬಿನಿಯ ನೀರಿನಡಿ ಇದೆಯೆಂದೂ, ಅವಳ ಮುಖ ತಮಗೆ ಮರೆತೇ ಹೋಗಿತ್ತೆಂದೂ ಹೇಳಿದರು. ಈ ಮುಸುಕು ತಮಗೂ ಮಾರನೆಯ ವರ್ಷ ಹಾಕಿದರೆಂದರು. ಮೊಮ್ಮಗನ ಕಡೆ ತಿರುಗಿ, 'ಇದನ್ನ ಕಾಗ್ದದಲ್ಲಿ ತಗೊಂಡ್ ಬತ್ತೀಯಾ ಮಗಾ? ದೊಡ್ದಾಗಿ ಬೇಡ, ಅವಳು ಚಿಕ್ಕೋಳು' ಎಂದರು.

ಹುಡುಗ ಆ ಸಂಜೆಯೇ ಕೋಟೆಗೆ ಹೋಗಿ ಸ್ಟುಡಿಯೋದಲ್ಲಿ ಪ್ರತಿ ತೆಗೆಸಿ ತಂದ. ನನಗೆ ಅದರ ಬೆನ್ನಿನ ಚಿತ್ರವನ್ನೂ ಕಳುಹಿಸಿದ. ಅಜ್ಜಿಗೆ ಓದು ಬರಹ ಬಾರದು. ಅವರು ಹೇಳಿದಂತೆ ಅವನು ಪೆನ್ಸಿಲಿನಲ್ಲಿ ಅಕ್ಕನ ಹೆಸರನ್ನೂ, ನಕ್ಷೆಯಲ್ಲಿ ಈಗ ಇಲ್ಲದ ಊರಿನ ಹೆಸರನ್ನೂ, ಅವರ ಅಟ್ಟಿ ಬಾವಿಯ ಮೂಡಲಿಗಿತ್ತು ಎಂಬುದನ್ನೂ ಬರೆದಿದ್ದ.